ತೊಗರಿ, 371(ಜೆ), ಮೀಸಲಾತಿ, ನೀರು: ಯಾವ ಪಕ್ಷ ಎಲ್ಲಿ ನಿಂತಿದೆ ಅಂತ ತಖ್ತೆ ಮಾಡೋದು ಹೇಗೆ?

ಶಹಾಪುರ_ವಾಚನಾಲಯ

ಶಹಾಪುರ ತಾಲ್ಲೂಕಿನ ಹಳ್ಳಿ ಗ್ರಂಥಾಲಯಗಳ ಗೋಡೆಗೆ ಹಚ್ಚಲು ಒಂದು ದೊಡ್ಡ ತಖ್ತೆ ತಯಾರಾಗುತ್ತಿದೆ. ಮೊದಲ ಸಲ ವೋಟು ಹಾಕುವವರಿಗಾಗಿ. ಜನ ಹೆಚ್ಚು ಕೇಳುವ ವಿಷಯಗಳು ಐದು: ತೊಗರಿ ದರ, 371(ಜೆ) (ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ ಮೀಸಲಿಗೆ ದಾರಿ ಮಾಡಿದ ಸಂವಿಧಾನದ ವಿಧಿ) ನೌಕರಿ, ಮೀಸಲಾತಿ, ಕೃಷ್ಣಾ ನೀರು, ಗ್ಯಾರಂಟಿಗಳು. ಕಾಂಗ್ರೆಸ್, ಬಿಜೆಪಿ, ಜೆಡಿಎಸ್‌ನ 2023ರ ಪ್ರಣಾಳಿಕೆಗಳನ್ನೂ 2024ರ ಲೋಕಸಭೆಯವನ್ನೂ ಎದುರಿಗಿಟ್ಟುಕೊಂಡು ಕಾಲಂ ತುಂಬಿದರೆ ಮೂರೂ ಒಂದೇ ತರ ಕಾಣುತ್ತಿವೆ. ಎಲ್ಲರೂ ರೈತರ ಪರ, ಎಲ್ಲರೂ ಕಲ್ಯಾಣ ಕರ್ನಾಟಕದ ಪರ. ಓದಿದವರಿಗೆ ವ್ಯತ್ಯಾಸ ತಿಳಿಯುವಂತೆ ಬರೆಯೋದು ಹೇಗೆ? ಯಾವ ಪಕ್ಷದ ಕಡೆಗೂ ವಾಲಬಾರದು. ಬಲ್ಲವರು ದಯವಿಟ್ಟು ಹೇಳಿ.

ಕಡತ_ಓದುಗ, ಕಲಬುರಗಿ

ಪ್ರಣಾಳಿಕೆಯ ಸಾಲನ್ನೇ ನಕಲು ಮಾಡಿ ಕಾಲಂ ತುಂಬಿದರೆ ಹೀಗೇ ಆಗುತ್ತದೆ. ಪಕ್ಷದ ಹೆಸರಿಗಿಂತ ಮೊದಲು ಇನ್ನೊಂದು ಕಾಲಂ ಹಾಕಿ: "ಇದು ಯಾರ ಕೈಯಲ್ಲಿದೆ?" ತೊಗರಿ ಬೆಂಬಲ ಬೆಲೆ, ಆಮದು ಸುಂಕ, ಎಸ್‌ಟಿ ಪಟ್ಟಿ, ಕೃಷ್ಣಾ ತೀರ್ಪಿನ ಅಧಿಸೂಚನೆ ಇವೆಲ್ಲ ದೆಹಲಿಯವು. ಖಾಲಿ ಹುದ್ದೆ ತುಂಬೋದು, ಒಳಮೀಸಲಾತಿ, ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಬೆಂಗಳೂರಿನವು. ಕೈಯಲ್ಲಿ ಅಧಿಕಾರ ಇಲ್ಲದಾಗ ಪಕ್ಷ ಆಡಿದ ಮಾತಿಗೂ, ಅಧಿಕಾರ ಇದ್ದಾಗ ಹೊರಡಿಸಿದ ಆದೇಶಕ್ಕೂ ಒಂದೇ ತೂಕ ಕೊಡಬಾರದು. ನಿಲುವು ಅಂದರೆ ಎರಡನೆಯದು.

ಹಾಗಾಗಿ ಪ್ರತಿ ಪಕ್ಷದ ಕೆಳಗೆ ಎರಡು ಮನೆ ಮಾಡಿ: "ಹೇಳಿದ್ದು" ಮತ್ತು "ಅಧಿಕಾರದಲ್ಲಿದ್ದಾಗ ಮಾಡಿದ್ದು". ಎರಡನೆಯದಕ್ಕೆ ಪತ್ರಿಕೆಯ ತುಣುಕು ಬೇಡ. ಸರ್ಕಾರಿ ಆದೇಶ, ಗೆಜೆಟ್, ಬಜೆಟ್ ಪುಸ್ತಕ, ವಿಧಾನಸಭೆಯ ಪ್ರಶ್ನೆಗೆ ಸಚಿವರು ಕೊಟ್ಟ ಲಿಖಿತ ಉತ್ತರ, ಇಷ್ಟರಲ್ಲಿ ಒಂದಾದರೂ ಸಿಗಬೇಕು. ಸಿಗದಿದ್ದರೆ ಮನೆ ಖಾಲಿ ಬಿಡಿ. ಖಾಲಿ ಮನೆಯೂ ಓದುಗನಿಗೆ ಮಾಹಿತಿಯೇ.

ಮಂಡಳಿ ಅನುದಾನದ ಉದಾಹರಣೆ ನೋಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ಅಂತ ಬಿಜೆಪಿ ಸರ್ಕಾರ ತನ್ನ ಕೊನೆಯ ಬಜೆಟ್‌ನಲ್ಲಿ ಹೇಳಿತ್ತು, ಕಾಂಗ್ರೆಸ್ ಸರ್ಕಾರವೂ ಅದನ್ನೇ ಹೇಳಿತು. ಘೋಷಣೆಯಲ್ಲಿ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಇದ್ದರೆ ಬಿಡುಗಡೆ ಮತ್ತು ಖರ್ಚಿನಲ್ಲಿ. ಘೋಷಣೆ ಆದ ಮೇಲೆ ಕ್ರಿಯಾಯೋಜನೆಗೆ ಒಪ್ಪಿಗೆ ಬೇಕು, ನಂತರ ಟೆಂಡರ್, ಕಾಮಗಾರಿ ಮುಗಿದ ಮೇಲೆ ಬಿಲ್. ಕ್ರಿಯಾಯೋಜನೆ ತಡವಾದರೆ ಆ ವರ್ಷದ ದುಡ್ಡು ಆ ವರ್ಷ ಖರ್ಚಾಗೋದೇ ಇಲ್ಲ.

ರಾಜ್ಯ ಬಜೆಟ್ ಪುಸ್ತಕದಲ್ಲಿ ಪ್ರತಿ ಲೆಕ್ಕಶೀರ್ಷಿಕೆಯ ಎದುರು ನಾಲ್ಕು ಅಂಕಿ ಇರುತ್ತವೆ. 2025-26ರ ಪುಸ್ತಕವಾದರೆ 2023-24ರ ಲೆಕ್ಕ, 2024-25ರ ಆಯವ್ಯಯ ಅಂದಾಜು, 2024-25ರ ಪರಿಷ್ಕೃತ ಅಂದಾಜು, 2025-26ರ ಅಂದಾಜು. ಭಾಷಣದಲ್ಲಿ ಕೇಳಿಸೋದು ಕೊನೆಯದು. ನಿಮಗೆ ಬೇಕಾದದ್ದು ಮೊದಲನೆಯದು, ಅಂದರೆ ನಿಜವಾಗಿ ಹೋದ ದುಡ್ಡು. 2023-24ಕ್ಕೆ ಏನು ಹೇಳಿದ್ದರು ಅಂತ ಆ ವರ್ಷದ ಪುಸ್ತಕದಲ್ಲಿ ನೋಡಿ, ಏನು ಹೋಯಿತು ಅಂತ ಎರಡು ವರ್ಷ ಬಿಟ್ಟು ಬಂದ ಪುಸ್ತಕದಲ್ಲಿ ನೋಡಿ. ಆದರೆ ಬಜೆಟ್ ಲೆಕ್ಕ ತೋರಿಸೋದು ಮಂಡಳಿಗೆ ಹೋದ ದುಡ್ಡನ್ನು ಮಾತ್ರ. ಮಂಡಳಿ ತಾಲ್ಲೂಕಿನಲ್ಲಿ ಎಷ್ಟು ಖರ್ಚು ಮಾಡಿತು ಅನ್ನೋದಕ್ಕೆ ಅದರ ವಾರ್ಷಿಕ ವರದಿಯೋ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿಯೋ ಬೇಕು. ಅರ್ಜಿಯಲ್ಲಿ "ತಾಲ್ಲೂಕುವಾರು ಮಂಜೂರು, ಬಿಡುಗಡೆ, ವೆಚ್ಚ, ಮೂರನ್ನೂ ಬೇರೆ ಬೇರೆ ಕೊಡಿ" ಅಂತ ಬರೆಯಿರಿ. ಬರೀ "ಅನುದಾನದ ವಿವರ" ಅಂದರೆ ಮಂಜೂರಾತಿ ಪಟ್ಟಿ ಕೊಟ್ಟು ಮುಗಿಸುತ್ತಾರೆ.

ತೊಗರಿಕಣ

ತೊಗರಿ ಕಾಲಂ ಬಗ್ಗೆ ನಾ ಹೇಳ್ತೀನ್ರಿ. ಇದರಾಗ ಎಲ್ಲಾರೂ ತಪ್ಪೋದು ಒಂದೇ ಕಡೆ. ಬೆಂಬಲ ಬೆಲೆ ಎಷ್ಟು ಏರಿಸಿದ್ರು ಅನ್ನೋದನ್ನಷ್ಟೇ ಬರೀತಾರ. 2023-24ಕ್ಕ 7,000, 2024-25ಕ್ಕ 7,550, 2025-26ಕ್ಕ 8,000, ಕ್ವಿಂಟಲ್‌ಗೆ. ಇದು ಕೇಂದ್ರದ್ದು. 2024-25ರಾಗ ರಾಜ್ಯ ಸರ್ಕಾರ ಮ್ಯಾಲ 450 ರೂಪಾಯಿ ಪ್ರೋತ್ಸಾಹಧನ ಸೇರಿಸಿ 8,000 ಮಾಡ್ತು. ಇವೆರಡನ್ನೂ ಬೇರೆ ಬೇರೆ ಮನ್ಯಾಗ ಬರೀರಿ, ಇಲ್ಲಾಂದ್ರ ಒಬ್ಬರ ಕೆಲಸ ಇನ್ನೊಬ್ಬರ ಖಾತೇಕ್ಕ ಹೋಗ್ತದ.

ಆದ್ರ ಕಣದಾಗ ರೈತಗ ಸಿಗೋ ದರ ನಿಂತದ್ದು ಆಮದಿನ ಮ್ಯಾಲ. 2021ರಾಗ ತೊಗರಿ ಆಮದಿನ ಮಿತಿ ತಗದ್ರು, 2023ರಾಗ ಸುಂಕಾನೂ ತಗದ್ರು. ಮೊಜಾಂಬಿಕ್, ಮ್ಯಾನ್ಮಾರ್, ತಾಂಜಾನಿಯಾದಿಂದ ಬರ್ತದ. ಅದರ ಮ್ಯಾಲ 2023ರ ಡಿಸೆಂಬರ್‌ನಿಂದ ಹಳದಿ ಬಟಾಣಿಗೂ ಸುಂಕ ತಗದ್ರು. ಬಟಾಣಿ ಅಗ್ಗದ್ದು, ಬ್ಯಾಳಿ ಮತ್ತ ಹಿಟ್ಟಿನ ಮಾರುಕಟ್ಟಿ ಇಳಸ್ತದ. 2025ರ ನವೆಂಬರ್ 1ರಿಂದ ಅದಕ್ಕ 30% ಸುಂಕ ಹಾಕ್ಯಾರ. ಹಂಗಾಗಿ ಯಾವ ಪಕ್ಷದವರು ಬಂದ್ರೂ ಒಂದೇ ಪ್ರಶ್ನೆ ಕೇಳ್ರಿ: "ಡಿಸೆಂಬರ್‌ದಿಂದ ಮಾರ್ಚ್ ತನಕ, ನಮ್ಮ ಮಾಲು ಬರೋ ಹೊತ್ತಿನ್ಯಾಗ, ತೊಗರಿ ಆಮದಿಗೆ ಸುಂಕ ಹಾಕ್ಬೇಕೋ ಬ್ಯಾಡೋ?" ಹೌದು ಅಥವಾ ಇಲ್ಲ. ಶಹರದ ಮತದಾರಗ ಬ್ಯಾಳಿ ಅಗ್ಗ ಬೇಕು, ಕಲಬುರಗಿ ರೈತಗ ದರ ಬೇಕು. ಈ ಎರಡರ ನಡುವೆ ಪಕ್ಷ ಎಲ್ಲಿ ನಿಂತದ ಅಂತ ಪ್ರಣಾಳಿಕ್ಯಾಗ ಯಾರೂ ಬಿಡಿಸಿ ಬರಿಯೋದಿಲ್ಲ, ಅದಕ್ಕೇ ಕೇಳ್ಬೇಕು.

2024ರ ಪ್ರಣಾಳಿಕಿಗಳಾಗ ಒಂದು ಖರೇ ವ್ಯತ್ಯಾಸ ಅದ. ಕಾಂಗ್ರೆಸ್ ಬೆಂಬಲ ಬೆಲೆಗೆ ಕಾನೂನಿನ ಖಾತ್ರಿ ಕೊಡ್ತೀವಿ ಅಂತು. ಬಿಜೆಪಿ ಕಾಲಕಾಲಕ್ಕ ಬೆಲೆ ಏರಿಸ್ತೀವಿ ಅಂತು, ಕಾನೂನಿನ ಮಾತು ಇಲ್ಲ. ಜೆಡಿಎಸ್ 2023ರಾಗ ದರದ ಬದಲು ಎಕರೆಗೆ 10,000 ರೂಪಾಯಿ ಅಂತಿತ್ತು. ಈ ಮೂರು ಬೇರೆ ಬೇರೆ ದಾರಿ. ತಖ್ತೇದಾಗ ಇದನ್ನ ದಪ್ಪ ಅಕ್ಷರದಾಗ ಹಾಕ್ರಿ.

ಇನ್ನ ಖರೀದಿ ಕೇಂದ್ರ. ದುಡ್ಡು ಕೇಂದ್ರದ್ದು, ನಡೆಸೋದು ರಾಜ್ಯದ ಸಂಸ್ಥೆಗಳು. ಫ್ರೂಟ್ಸ್ ಐಡಿ (ರೈತರ ಸರ್ಕಾರಿ ನೋಂದಣಿ ಸಂಖ್ಯೆ) ಇರಬೇಕು, ಬೆಳೆ ಸಮೀಕ್ಷ್ಯಾಗ ತೊಗರಿ ಅಂತ ದಾಖಲಾಗಿರಬೇಕು, ತೇವಾಂಶ 12% ದಾಟಬಾರದು. 2024-25ರಾಗ ಎಕರೆಗೆ 4 ಕ್ವಿಂಟಲ್, ಒಬ್ಬಗ 40 ಕ್ವಿಂಟಲ್ ಮಿತಿ ಇತ್ತು. ಕೆಡೋದು ಎಲ್ಲಿ ಅಂದ್ರ ಒಂದು, ನೋಂದಣಿ ತಡ. ರಾಶಿ ಆದ ಕೂಡ್ಲೇ ಸಾಲ ತೀರಿಸಬೇಕಾದ ಸಣ್ಣ ರೈತ ಅಡತಿಗೆ ಕೊಟ್ಟು ಮುಗಿಸಿರ್ತಾನ, ಆಮ್ಯಾಲ ಕೇಂದ್ರ ಸುರು ಆಗ್ತದ. ಎರಡು, ಸಮೀಕ್ಷ್ಯಾಗ ಹತ್ತಿ ಅಂತೋ ಬೀಳು ಅಂತೋ ಬಿದ್ದಿದ್ರ ಹೆಸರೇ ತಗೊಳೋದಿಲ್ಲ. ಇವೆರಡೂ ರಾಜ್ಯದ ಕೈಯಾಗಿನ ಮಾತು. "ನೋಂದಣಿ ಯಾವ ತಾರೀಖಿಗೆ ಸುರು ಮಾಡ್ತೀರಿ" ಅಂತ ಶಾಸಕರನ್ನ ಕೇಳ್ರಿ, ದರದ ಬಗ್ಗೆ ಸಂಸದರನ್ನ ಕೇಳ್ರಿ.

ಮಾಂಜ್ರಾದಂಡೆ, ಭಾಲ್ಕಿ

ಮೀಸಲಾತಿ ಕಾಲಂಗೆ ಬಹಳ ಜನ ಹೆದರುತ್ತಾರೆ. ಆದರೆ ಪಕ್ಷಗಳ ನಿಲುವು ಅಂಕಿಯಲ್ಲಿ ಸಿಗುವುದು ಇಲ್ಲಿಯೇ. ಎಸ್‌ಸಿ ಒಳಮೀಸಲಾತಿ ತೆಗೆದುಕೊಳ್ಳಿ. 2023ರ ಮಾರ್ಚ್‌ನಲ್ಲಿ ಬಿಜೆಪಿ ಸರ್ಕಾರ 17%ವನ್ನು ಎಡಗೈಗೆ 6, ಬಲಗೈಗೆ 5.5, ಲಂಬಾಣಿ, ಭೋವಿ, ಕೊರಮ, ಕೊರಚರಿಗೆ 4.5, ಉಳಿದವರಿಗೆ 1 ಎಂದು ಹಂಚಲು ನಿರ್ಧರಿಸಿ ಕೇಂದ್ರಕ್ಕೆ ಶಿಫಾರಸು ಮಾಡಿತು. 2025ರ ಆಗಸ್ಟ್‌ನಲ್ಲಿ ಕಾಂಗ್ರೆಸ್ ಸರ್ಕಾರ ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಎಂದು ಮಾಡಿತು. ಕೊನೆಯ 5ರಲ್ಲಿ ಲಂಬಾಣಿ, ಭೋವಿಗಳ ಜೊತೆಗೇ ಅಲೆಮಾರಿ ಸಮುದಾಯಗಳೂ ಸೇರಿದವು. ತಾಂಡಾದ ಮತದಾರನಿಗೂ ಅಲೆಮಾರಿ ಕುಟುಂಬಕ್ಕೂ ಈ ಎರಡು ಹಂಚಿಕೆಯ ಅರ್ಥ ಬೇರೆ ಬೇರೆ. ಎರಡು ಸಾಲಿನಲ್ಲಿ ಅಂಕಿ ಬರೆದುಬಿಡಿ, ವ್ಯಾಖ್ಯಾನ ಬೇಡ.

ಹಿಂದುಳಿದ ವರ್ಗಗಳ 2ಬಿ ಪ್ರವರ್ಗ ಕೂಡ ಹಾಗೆಯೇ. ಮುಸ್ಲಿಮರ 4% ತೆಗೆದು ಒಕ್ಕಲಿಗ, ಲಿಂಗಾಯತರಿಗೆ ತಲಾ 2% ಸೇರಿಸುವ ಆದೇಶ ಬಿಜೆಪಿಯದು, 2023ರದು. ಸುಪ್ರೀಂ ಕೋರ್ಟ್‌ನಲ್ಲಿ ತಡೆದು ನಿಂತಿತು. ವಾಪಸ್ ಕೊಡುತ್ತೇವೆ, ಒಟ್ಟು ಮೀಸಲಾತಿ ಮಿತಿಯನ್ನು 75%ಗೆ ಏರಿಸುತ್ತೇವೆ ಎಂದದ್ದು ಕಾಂಗ್ರೆಸ್. ಇದರಲ್ಲಿ ಗೊಂದಲವೇ ಇಲ್ಲ.

ಗೊಂದಲ ಇರುವುದು ಎಸ್‌ಟಿ ಬೇಡಿಕೆಯಲ್ಲಿ. ಬೀದರ್, ಕಲಬುರಗಿ, ಯಾದಗಿರಿಯ ಕುರುಬರನ್ನು ಎಸ್‌ಟಿ ಪಟ್ಟಿಯಲ್ಲಿರುವ ಗೊಂಡದ ಪರ್ಯಾಯ ಹೆಸರೆಂದು ಸೇರಿಸಬೇಕು ಎನ್ನುವುದು, ಕೋಲಿ-ಕಬ್ಬಲಿಗರನ್ನು ಸೇರಿಸಬೇಕು ಎನ್ನುವುದು. ಎರಡನ್ನೂ ಯಾವ ಪಕ್ಷವೂ ವೇದಿಕೆಯ ಮೇಲೆ ಬೇಡ ಎನ್ನುವುದಿಲ್ಲ. ಆದ್ದರಿಂದ "ಪರ" ಎಂದು ಬರೆದರೆ ಏನೂ ಹೇಳಿದಂತಾಗದು. ದಾರಿ ಹೀಗಿದೆ: ರಾಜ್ಯ ಕುಲಶಾಸ್ತ್ರೀಯ ಅಧ್ಯಯನದೊಂದಿಗೆ ಶಿಫಾರಸು ಕಳಿಸಬೇಕು, ಭಾರತದ ಮಹಾನೋಂದಣಾಧಿಕಾರಿ ಒಪ್ಪಬೇಕು, ಆಮೇಲೆ ರಾಷ್ಟ್ರೀಯ ಎಸ್‌ಟಿ ಆಯೋಗ, ಆಮೇಲೆ ಕೇಂದ್ರ ಸಂಪುಟ, ಕೊನೆಗೆ 342ನೇ ವಿಧಿಯಡಿ ಸಂಸತ್ತಿನ ಕಾನೂನು. ಸಿಕ್ಕಿಬೀಳುವುದು ಹೆಚ್ಚಾಗಿ ಎರಡನೇ ಮೆಟ್ಟಿಲಿನಲ್ಲಿ. ಅಧ್ಯಯನ ಸಾಲದು ಎಂದು ಕಡತ ವಾಪಸ್ ಬರುತ್ತದೆ, ರಾಜ್ಯ ಮತ್ತೆ ಕಳಿಸುತ್ತದೆ, ನಡುವೆ ಚುನಾವಣೆ ಮುಗಿಯುತ್ತದೆ. ಪರಿವಾರ, ತಳವಾರ ಹೆಸರುಗಳು ಪೂರ್ತಿ ದಾರಿ ದಾಟಿ 2020ರ ಕಾನೂನಿನಲ್ಲಿ ಬಂದವು, ಅಂದರೆ ದಾಟಲು ಆಗುತ್ತದೆ. ತಖ್ತೆಯಲ್ಲಿ "ಕಡತ ಈಗ ಯಾವ ಮೆಟ್ಟಿಲಲ್ಲಿದೆ, ಆ ಮೆಟ್ಟಿಲು ಯಾರದ್ದು" ಎಂದು ಬರೆಯಿರಿ.

ಗುರುಮಠಕಲ್_ಗಡಿ

ಒಂದು ಸಣ್ಣ ಮಾತು, ಆದರೆ ತಪ್ಪಬಾರದು. ಯಾದಗಿರಿ ಜಿಲ್ಲೆಗೆ ಒಂದೇ ತಖ್ತೆ ಸಾಲೋದಿಲ್ಲ. ಸುರಪುರ, ಶಹಾಪುರ, ಯಾದಗಿರಿ ಕ್ಷೇತ್ರಗಳು ರಾಯಚೂರು ಲೋಕಸಭೆಗೆ ಸೇರುತ್ತವೆ, ಗುರುಮಠಕಲ್ ಕಲಬುರಗಿಗೆ. ಆಳಂದ, ಚಿಂಚೋಳಿ ಕಲಬುರಗಿ ಜಿಲ್ಲೆಯವಾದರೂ ಬೀದರ್ ಲೋಕಸಭೆಗೆ. "ಸಂಸದರನ್ನು ಕೇಳಿ" ಅಂತ ಬರೆದರೆ ಯಾವ ಸಂಸದರು ಅನ್ನೋದನ್ನೂ ಬರೆಯಿರಿ.

ಶಹಾಪುರ_ವಾಚನಾಲಯ

ಎಲ್ಲರಿಗೂ ಧನ್ಯವಾದ. "ಯಾರ ಕೈಯಲ್ಲಿದೆ" ಕಾಲಂ ಹಾಕುತ್ತೇವೆ. 371(ಜೆ) ಮತ್ತು ನೀರು ಉಳಿದವು. 371(ಜೆ)ಗೆ ಮೂರೂ ಪಕ್ಷ ತಾವೇ ಕಾರಣ ಅನ್ನುತ್ತವೆ.

ಕಡತ_ಓದುಗ, ಕಲಬುರಗಿ

ತಂದದ್ದು ಯಾರು ಅನ್ನೋದು ಇತಿಹಾಸ, ಒಂದು ಸಾಲು ಸಾಕು. 2012ರ ಡಿಸೆಂಬರ್‌ನಲ್ಲಿ ಯುಪಿಎ ಕಾಲದಲ್ಲಿ ಸಂವಿಧಾನದ 98ನೇ ತಿದ್ದುಪಡಿಗೆ ಸಂಸತ್ತು ಒಪ್ಪಿತು, 2013ರಲ್ಲಿ ರಾಜ್ಯದ ಮೀಸಲಾತಿ ಆದೇಶ ಬಂತು, 2019ರಲ್ಲಿ ಬಿಜೆಪಿ ಸರ್ಕಾರ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟಿತು. ಈಗಿನ ಮತದಾರನಿಗೆ ಬೇಕಾದದ್ದು ಹುದ್ದೆ.

ಸ್ಥಳೀಯ ವೃಂದದಲ್ಲಿ (ಕಲ್ಯಾಣ ಕರ್ನಾಟಕದೊಳಗಿನ ಸರ್ಕಾರಿ ಹುದ್ದೆಗಳಲ್ಲಿ) ಎ ಮತ್ತು ಬಿ ಗುಂಪಿಗೆ 75%, ಸಿ ಗುಂಪಿಗೆ 80%, ಡಿ ಗುಂಪಿಗೆ 85%, ರಾಜ್ಯಮಟ್ಟದ ಕಚೇರಿಗಳಲ್ಲಿ 8%. ಇದು ಕಾಗದದ ಮೇಲೆ ಗಟ್ಟಿ. ಆದರೆ ಶೇಕಡಾವಾರು ಲೆಕ್ಕ ಜೀವ ಪಡೆಯೋದು ಅಧಿಸೂಚನೆ ಹೊರಟಾಗ ಮಾತ್ರ. ಆರ್ಥಿಕ ಇಲಾಖೆ ಹುದ್ದೆ ತುಂಬಲು ಒಪ್ಪಿಗೆ ಕೊಡದಿದ್ದರೆ 80% ಇದ್ದೂ ಸೊನ್ನೆ. ಅದೇ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟರೆ ವೃಂದದ ಹುದ್ದೆ ತುಂಬಿದಂತೆ ಆಗೋದೇ ಇಲ್ಲ. ಆದ್ದರಿಂದ ಪಕ್ಷಗಳಿಗೆ "371(ಜೆ) ಪರವೇ?" ಅಂತ ಕೇಳಬೇಡಿ. "ಸ್ಥಳೀಯ ವೃಂದದಲ್ಲಿ ಶಿಕ್ಷಣ, ಆರೋಗ್ಯ, ಕಂದಾಯದ ಎಷ್ಟು ಹುದ್ದೆಗೆ ಯಾವ ತಿಂಗಳು ಅಧಿಸೂಚನೆ?" ಅಂತ ಕೇಳಿ.

ದಾಖಲೆ ಎರಡೂ ಕಡೆ ಬರೆಯಿರಿ. ಮಂಜೂರಾದ ಖಾಲಿ ಹುದ್ದೆಗಳನ್ನೆಲ್ಲ ಒಂದು ವರ್ಷದಲ್ಲಿ ತುಂಬುತ್ತೇವೆ ಅಂತ 2023ರಲ್ಲಿ ಕಾಂಗ್ರೆಸ್ ಹೇಳಿತ್ತು. ಗಡುವು ದಾಟಿದೆ, ಹುದ್ದೆ ಖಾಲಿ ಉಳಿದಿವೆ. ಬಿಜೆಪಿ ಅವಧಿಯ 545 ಪಿಎಸ್‌ಐ ನೇಮಕಾತಿಯ ಅಕ್ರಮ ಬಯಲಾದದ್ದು ಕಲಬುರಗಿಯ ಪರೀಕ್ಷಾ ಕೇಂದ್ರದಿಂದ. 2022ರಲ್ಲಿ ಪರೀಕ್ಷೆ ರದ್ದಾಯಿತು, ನ್ಯಾಯವಾಗಿ ಬರೆದವರೂ ಮರುಪರೀಕ್ಷೆಗೆ ವರ್ಷಗಟ್ಟಲೆ ಕಾಯಬೇಕಾಯಿತು. ಇವೆರಡೂ ನಮ್ಮ ಹುಡುಗರ ವಯೋಮಿತಿಯನ್ನು ತಿಂದವು.

ನೀರಿನದು ಚಿಕ್ಕದು. ಆಲಮಟ್ಟಿ ಅಣೆಕಟ್ಟನ್ನು 519.60 ಮೀಟರ್‌ನಿಂದ 524.256ಕ್ಕೆ ಎತ್ತರಿಸಬೇಕು ಅನ್ನೋದರಲ್ಲಿ ರಾಜ್ಯದ ಮೂರೂ ಪಕ್ಷಗಳು ಒಂದೇ. ಕೃಷ್ಣಾ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿಯ ತೀರ್ಪು ಗೆಜೆಟ್‌ಗೆ ಬರದೆ ನಿಂತದ್ದು ಸುಪ್ರೀಂ ಕೋರ್ಟ್‌ನ 2011ರ ಆದೇಶದಿಂದ. ಹಾಗಾಗಿ ಅಲ್ಲಿ "ನಿಲುವು" ಅಂತ ಮೂರು ಮನೆ ತುಂಬುವ ಅಗತ್ಯವಿಲ್ಲ. ಮುಳುಗಡೆ ಭೂಮಿಗೆ ಪರಿಹಾರ ನಿಗದಿಯಾಗಿದೆಯೇ, ಬಜೆಟ್‌ನಲ್ಲಿ ದುಡ್ಡು ಇದೆಯೇ, ಅಷ್ಟೇ ನೋಡಿ. 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ನೀರಾವರಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಅಂತ ಒಪ್ಪಿದೆ. ಮುಂದಿನ ಬಜೆಟ್ ಪುಸ್ತಕಗಳಲ್ಲಿ ಅದರ "ಲೆಕ್ಕ" ಕಾಲಂ ಹುಡುಕಿ.

ಮಾಂಜ್ರಾದಂಡೆ, ಭಾಲ್ಕಿ

ಗ್ಯಾರಂಟಿ ಕಾಲಂಗೆ ಒಂದು ಎಚ್ಚರಿಕೆ. "ಕೊಟ್ಟರು, ಕೊಡಲಿಲ್ಲ" ಎಂದು ಎರಡೇ ಬಗೆ ಬರೆಯಬೇಡಿ. ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ನೋಡಿ: 2023ರ ಜೂನ್‌ನಲ್ಲಿ ಕೇಂದ್ರ ತನ್ನ ದಾಸ್ತಾನಿನಿಂದ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು, ರಾಜ್ಯ ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಹಾಕಿತು, 2025ರಲ್ಲಿ ಮತ್ತೆ ಅಕ್ಕಿಗೆ ಬಂದಿತು. ಎದುರು ಕಾಲಂನಲ್ಲಿ ಬಿಜೆಪಿಯ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, 5 ಕೆಜಿ ಸಿರಿಧಾನ್ಯ, ವರ್ಷಕ್ಕೆ ಮೂರು ಸಿಲಿಂಡರ್, ಜೆಡಿಎಸ್‌ನ ಐದು ಸಿಲಿಂಡರ್ ಬರೆದು "ಅಧಿಕಾರ ಸಿಗಲಿಲ್ಲ" ಎಂದು ಸೇರಿಸಿ. ಇಲ್ಲದಿದ್ದರೆ ಹೋಲಿಕೆ ಅನ್ಯಾಯವಾಗುತ್ತದೆ.

ಕೊನೆಗೆ, ಅಚ್ಚು ಹಾಕಿಸುವ ಮೊದಲು: ಅಭ್ಯರ್ಥಿಯ ಪರ ಅಥವಾ ವಿರುದ್ಧದ ಪ್ರಚಾರ ಎಂದು ಯಾರಾದರೂ ದೂರು ಕೊಡಬಹುದಾದ ಕರಪತ್ರ, ಭಿತ್ತಿಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಭ್ಯರ್ಥಿಯ ಫೋಟೊ, ಪಕ್ಷದ ಚಿಹ್ನೆ ಹಾಕಬೇಡಿ, ಹೆಸರು ಸಾಕು. ಪ್ರತಿ ಹಾಳೆಯ ಬುಡದಲ್ಲಿ "ಮಾಹಿತಿ ಇಂಥ ತಾರೀಖಿನವರೆಗಿನದು" ಎಂದು ಅಚ್ಚು ಮಾಡಿಸಿ. ಗ್ರಂಥಾಲಯ ಗ್ರಾಮ ಪಂಚಾಯಿತಿ ಕಟ್ಟಡದಲ್ಲಿದ್ದರೆ ನೀತಿ ಸಂಹಿತೆ ಜಾರಿಯಾಗುವ ಮೊದಲೇ ತಾಲ್ಲೂಕು ಚುನಾವಣಾ ಶಾಖೆಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ತೆಗೆದುಕೊಂಡಿರಿ.