ತೋಟದ ದಾರಿಗೆ ಜಲ್ಲಿ ಬದಲು ಇಟ್ಟಿಗೆ ಚೂರು: ಹಾಕಿದವರು ಹೇಳಿ

ಪ್ರಶ್ನೆ: ಮಾಲೂರು ಹತ್ತಿರ 200 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿ. ಗೂಡಿನ ಒಡಕು ಇಟ್ಟಿಗೆ ಸಿಗ್ತಿದೆ. ಟ್ರ್ಯಾಕ್ಟರ್, ಹಾಲಿನ ಗಾಡಿ ತಡೆಯುತ್ತಾ?

ಗೂಡಿನವನು: ಧಾರಾಳವಾಗಿ ತಡೆಯುತ್ತೆ, ಕರಕಲು ಇಟ್ಟಿಗೆ ಆದ್ರೆ. ಅತಿಯಾಗಿ ಬೆಂದು ಕಪ್ಪಗೆ ತಿರುಗಿ ಒಂದಕ್ಕೊಂದು ಅಂಟಿಕೊಂಡಿರುತ್ತಲ್ಲ, ಅದು. ಎರಡು ಚೂರು ಬಡಿದ್ರೆ ಠಣ್ ಅನ್ನಬೇಕು. ಅರೆಬೆಂದ ಚೂರನ್ನ ರಾತ್ರಿ ನೀರಲ್ಲಿಟ್ಟು ಬೆಳಿಗ್ಗೆ ಹೆಬ್ಬೆರಳಲ್ಲಿ ಉಜ್ಜಿ ನೋಡಿ, ಅಂಚು ಕೆಸರಾಗಿ ಕೈಗೆ ಬರುತ್ತೆ. ನಮ್ಮ ಗೂಡಿನ ದಾರಿ ಪೂರ್ತಿ ಕರಕಲೇ, ಲೋಡ್ ಲಾರಿ ದಿನಾ ಓಡಾಡ್ತವೆ.

ಲ್ಯಾಬ್ ಟೆಕ್ನಿಷಿಯನ್: ಠಣ್ ಅಂದ್ರೆ ಸಾಲದು ಸಾರ್. ಇಟ್ಟಿಗೆ ನೀರು ಕುಡಿದು ಮೆತ್ತಗಾಗುತ್ತೆ, ಒಣಗಿದ್ದಾಗ ಪಾಸಾಗಿ ಏನುಪಯೋಗ? ಐಎಸ್ 5640ರಂತೆ (ಮೆತ್ತನೆ ಜಲ್ಲಿ ಪರೀಕ್ಷೆಯ ಭಾರತೀಯ ಮಾನಕ) ನೆನೆಸಿ ಇಂಪ್ಯಾಕ್ಟ್ ಟೆಸ್ಟ್, ಅಂದ್ರೆ ಏಟು ತಡೆಯೋ ಪರೀಕ್ಷೆ, ಮಾಡಿಸಿ. 12.5 ಮಿ.ಮೀ ಜರಡಿ ದಾಟಿ 10ರಲ್ಲಿ ನಿಂತ ಚೂರಿಗೆ ಸುತ್ತಿಗೆಯ 15 ಏಟು, ಆಮೇಲೆ 2.36ರಲ್ಲಿ ಇಳಿದ ಪುಡಿಯ ಲೆಕ್ಕ. ಡಬ್ಲ್ಯುಬಿಎಂಗೆ (ನೀರು ಹಾಕಿ ರೋಲರಲ್ಲಿ ಒತ್ತಿದ ಜಲ್ಲಿ ರಸ್ತೆ) ಪುಡಿಯ ಮಿತಿ 30%.

ಗದಗ ಎರೆಹೊಲ: ಲ್ಯಾಬ್ ಬಿಡ್ರಿ, ತಳಾ ನೋಡ್ರಿ ಮೊದಲ. ನಮ್ಮಲ್ಲಿ ಎರಿ ಮಣ್ಣಿನ ಮ್ಯಾಲ ಸೀದಾ ಇಟ್ಟಿಗಿ ಸುರುವಿದ್ರು. 6 ಟಿಪ್ಪರ್ ಲೆಕ್ಕ, 9 ನುಂಗಿತು. ಮೊದಲನೇ ಮಳಿಗೆ ಕೆಸರು ಮ್ಯಾಲ ಬಂತು, ಇಟ್ಟಿಗಿ ಕೆಳಗ ಹೋತು. ಆಮ್ಯಾಲ ಎಲ್ಲಾ ಕೆದರಿ 15 ಸೆಂ.ಮೀ ಗರಸು ಹಾಸಬೇಕಾತು. ಜೆಸಿಬಿ ಬಾಡಿಗಿ ಎರಡು ಸಲ, ರೋಲರ್ ಬಾಡಿಗಿ ಎರಡು ಸಲ!

ರಸ್ತೆ ಗುತ್ತಿಗೆದಾರ: ತಪ್ಪು ರೋಲರಿನದ್ದೂ ಇರಬೇಕು. ವೈಬ್ರೇಶನ್ ಹಾಕಿದ್ರಾ? ಇಟ್ಟಿಗೆ ಪುಡಿಯಾಗಿ ಸಂದು ಮುಚ್ಚುತ್ತೆ, ನೀರು ಬಸಿಯಲ್ಲ. 8-10 ಟನ್ನಿನ ರೋಲರನ್ನ ವೈಬ್ರೇಶನ್ ಇಲ್ಲದೆ, ಅಂಚಿಂದ ನಡುವಿಗೆ ಓಡಿಸಬೇಕು. ಚೂರು ಮೊದಲೇ ನೀರು ಕುಡಿದಿರಲಿ. ಒತ್ತಿದ ಮೇಲೆ 10 ಸೆಂ.ಮೀ ನಿಲ್ಲಬೇಕಂದ್ರೆ 13-14 ಹರಡಿ. 200 ಮೀಟರಿಗೆ 80 ಘನ ಮೀಟರ್ ಹತ್ತಿರ ಹೋಗುತ್ತೆ. ನಡುವೆ 6 ಸೆಂ.ಮೀ ಉಬ್ಬು ಕೊಡಿ.

ಗದಗ ಎರೆಹೊಲ: ವೈಬ್ರೇಶನ್ ಹಾಕೇ ಇಲ್ಲ. ನೋಡದ ತಪ್ಪು ಹೊರಿಸಬ್ಯಾಡ್ರಿ.

ಬೆಂಗಳೂರು ಸೈಟ್: ಕೆಡವಿದ ಮನೆ ಇಟ್ಟಿಗೆ ಇನ್ನೂ ಅಗ್ಗ. ಐಆರ್‌ಸಿ 121 (ಕೆಡವಿದ ಕಟ್ಟಡದ ತ್ಯಾಜ್ಯ ರಸ್ತೆಗೆ ಬಳಸೋಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ) ಒಪ್ಪುತ್ತೆ, 2017ರಿಂದಲೇ ಇದೆ.

ಲ್ಯಾಬ್ ಟೆಕ್ನಿಷಿಯನ್: ಒಪ್ಪೋದು ಬೇರ್ಪಡಿಸಿ, ಒಡೆದು, ಜರಡಿ ಹಿಡಿದದ್ದನ್ನ. ನೀವು ಕಳಿಸೋ ಲೋಡಲ್ಲಿ ಜಿಪ್ಸಮ್, ಪ್ಲಾಸ್ಟಿಕ್, ಗಾಜು. 425 ಮೈಕ್ರಾನ್ ಇಳಿದ ಮಣ್ಣಿನ ಪಿಐ (ಮಣ್ಣಿನ ಜಿಗುಟಿನ ಅಳತೆ) 6 ದಾಟಿದ್ರೆ ಜಿಎಸ್‌ಬಿ (ರಸ್ತೆ ತಳಪದರದ ಜಲ್ಲಿ) ಅನ್ನೋ ಹಾಗಿಲ್ಲ.

ಬೆಂಗಳೂರು ಸೈಟ್: ನಾನು ಕಳಿಸಿದ ಲೋಡ್ ನೀವು ಯಾವಾಗ ನೋಡಿದ್ರಿ?

ಅಗರ್ತಲಾದಿಂದ: ಇಲ್ಲಿ ಕಲ್ಲು ಸಿಗೋದು ಕಷ್ಟ, ಹಳ್ಳಿ ರಸ್ತೆಗೆ ಇಟ್ಟಿಗೆಯೇ ಗತಿ. ಹಾಸು ಮಾಡಿ ಸಂದಿಗೆ ಮರಳು ತುಂಬ್ತಾರೆ.

ಗುತ್ತಿಗೆದಾರ: ಅದು ಇಡೀ ಇಟ್ಟಿಗೆ ಹಾಸು, ಚೂರಲ್ಲ. ಕೋಲಾರದಲ್ಲಿ ಕ್ರಷರ್ ಪಕ್ಕದಲ್ಲೇ ಇದೆ.

ಗೂಡಿನವನು: ಕ್ರಷರ್ ಜಲ್ಲಿ ಪುಕ್ಕಟೆ ಬರುತ್ತಾ? ಅವರು ಕೇಳಿದ್ದು ಟ್ರ್ಯಾಕ್ಟರ್ ದಾರಿ. ಕರಕಲು ಕೈಯಲ್ಲೇ ಆರಿಸಿ, ಅರೆಬೆಂದದ್ದು ಬುಟ್ಟಿಗೊಂದು ಸಿಕ್ಕಿದ್ರೂ ಆ ಲೋಡ್ ವಾಪಸ್ ಕಳಿಸಿ.