ಮರು: ನೀರು ಹೊಕ್ಕ ಇಂಜಿನ್‌ಗೆ ‘ಜಲಸ್ತಂಭನ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹೈಡ್ರೋಲಾಕ್‌ಗೆ, ಅಂದರೆ ಸಿಲಿಂಡರ್‌ಗೆ ನೀರು ಹೊಕ್ಕು ಇಂಜಿನ್ ತಿರುಗದೆ ನಿಲ್ಲುವುದಕ್ಕೆ, ಕನ್ನಡ ಪದ ಕೇಳಿದವರು ನಾಳೆ ಸಂಜೆಯೊಳಗೆ ವಾಟರ್ ಸ್ಕೂಟರ್‌ಗೆ (ಜನ ಜೆಟ್ ಸ್ಕೀ ಅನ್ನುವ, ನೀರಿನ ಮೇಲೆ ಓಡುವ ಗಾಡಿಗೆ) ಅಂಟಿಸುವ ಎಚ್ಚರಿಕೆಯ ಸ್ಟಿಕ್ಕರ್ ಅಚ್ಚಿಗೆ ಕೊಡಬೇಕು ಅಂದಿದ್ದರು. ಆಮೇಲೆ ಹದಿನೇಳು ಓಲೆಗಳು ಬಂದವು. ಸ್ಟಿಕ್ಕರ್ ಮೇಲೆ ಏನು ಬರೆಯಬೇಕು ಅಂತ ಒಂದರಲ್ಲೂ ಇಲ್ಲ. ನಾನು ಇಂಥ ಇಂಜಿನ್‌ಗಳನ್ನು ಬಿಚ್ಚಿ ಜೋಡಿಸುವವನು. ಗುಂಪಿನಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಈ ಸಲ ಸುಮ್ನೆ ಇರಲು ಆಗಲಿಲ್ಲ.

> ಹೈಡ್ರೋಲಾಕ್‌ಗೆ ‘ಜಲಸ್ತಂಭನ’ ಇದೆಯಲ್ಲ. ಇದರಲ್ಲಿ ಚರ್ಚೆ ಏನಿದೆ?

ಇದೆ. ಸಮಾಸ ಬಿಡಿಸಿ ನೋಡಿ. ಜಲಸ್ತಂಭನ ಅಂದರೆ ನೀರನ್ನು ತಡೆದು ನಿಲ್ಲಿಸುವುದು. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತದ್ದು ಈ ವಿದ್ಯೆಯ ಬಲದಿಂದ. ಅಗ್ನಿಸ್ತಂಭನವೂ ಹಾಗೇ, ಅಲ್ಲಿ ತಡೆದು ನಿಲ್ಲಿಸುವುದು ಬೆಂಕಿಯನ್ನು. ಇಂಜಿನ್‌ನಲ್ಲಿ ಆಗುವುದು ತಿರುಗುಮುರುಗು. ನಿಲ್ಲಿಸುವುದು ನೀರು, ನಿಲ್ಲುವುದು ಇಂಜಿನ್. ‘ತೃತೀಯಾ ತತ್ಪುರುಷ (ನೀರಿನಿಂದ ಸ್ತಂಭನ) ಅಂತ ಇಟ್ಟುಕೊಳ್ಳಿ’ ಅಂತ ನೀವು ಹೇಳಬಹುದು. ಆದರೆ ಈ ಪದ ನಮ್ಮ ಕಿವಿಗೆ ಬಿದ್ದಿರುವುದು ಷಷ್ಠಿಯಲ್ಲೇ (ನೀರಿನ ಸ್ತಂಭನ). ನೀರಿನ ಮೇಲೆ ಓಡುವ ಗಾಡಿಗೆ ‘ಜಲಸ್ತಂಭನದ ಅಪಾಯ’ ಅಂತ ಅಂಟಿಸಿದರೆ ನೀರು ನಿಂತುಹೋಗುತ್ತದೆ ಅಂತಲೇ ಓದಿಕೊಳ್ಳುತ್ತಾರೆ.

ನಾವು ಕೆಲಸದಲ್ಲಿ ಹೇಳುವುದು ‘ಇಂಜಿನ್ ನೀರು ಕುಡಿದಿದೆ’ ಅಂತ. ಇದನ್ನು ಒಬ್ಬರು ‘ಗ್ಯಾರೇಜ್ ಮಾತು’ ಅಂತ ತಳ್ಳಿಹಾಕಿದ್ದಾರೆ. ಗ್ಯಾರೇಜಿನಲ್ಲಿ ಹುಟ್ಟಿದ ತೊಂದರೆಗೆ ಗ್ಯಾರೇಜಿನ ಮಾತು ಬೇಡ ಅಂದರೆ ಹೇಗೆ? ಮುಳುಗಿ ಎದ್ದ ಮನುಷ್ಯನ ಬಗ್ಗೆ ನಾವು ಏನು ಹೇಳುತ್ತೇವೆ? ನೀರು ಕುಡಿದ, ಕಕ್ಕಿದ. ಇಂಜಿನ್‌ನ ಕತೆಯೂ ಅಷ್ಟೇ. ಪೆಟ್ರೋಲ್ ಬೆರೆತ ಗಾಳಿ ಒತ್ತಿದರೆ ಕುಗ್ಗುತ್ತದೆ. ನೀರು ಜಗ್ಗುವುದಿಲ್ಲ. ಸಿಲಿಂಡರ್‌ನಲ್ಲಿ ನೀರು ಇರುವಾಗ ಪಿಸ್ಟನ್ ಮೇಲೆ ಬಂದರೆ ಟಕ್ ಅಂತ ನಿಲ್ಲುತ್ತದೆ, ಇಲ್ಲವಾದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗಾಗಿ ಮೊದಲ ಕೆಲಸ ನೀರು ಕಕ್ಕಿಸುವುದು. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಬೇಕು, ಅವುಗಳ ವೈರ್‌ಗಳನ್ನು ಅರ್ತ್ ಮಾಡಬೇಕು (ಬಯಲಿಗೆ ಕಿಡಿ ಹಾರದ ಹಾಗೆ ಇಂಜಿನ್‌ನ ಲೋಹಕ್ಕೆ ಜೋಡಿಸಬೇಕು), ಆಮೇಲೆ ಸೆಲ್ಫ್ ಹೊಡೆಯಬೇಕು. ಆಗ ಪ್ಲಗ್ ಇದ್ದ ತೂತಿನಿಂದ ನೀರು ಬುಸ್ ಅಂತ ಚಿಮ್ಮುತ್ತದೆ. ಮೊದಲು ದಪ್ಪ ಧಾರೆ, ಆಮೇಲೆ ತುಂತುರು, ಕೊನೆಗೆ ಬರೀ ಗಾಳಿ. ಅದರಲ್ಲಿ ಪೆಟ್ರೋಲೂ ಬೆರೆತಿರುತ್ತದೆ, ಮುಖ ಒಡ್ಡಬಾರದು. ಇದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ‘ಕಕ್ಕಿಸು’ ಬಿಟ್ಟು ಬೇರೆ ಕ್ರಿಯಾಪದ ಹೊಳೆಯುವುದೇ ಇಲ್ಲ.

> ‘ಸೆಲ್ಫ್ ಹೊಡೆ’ ಕನ್ನಡವೇ? ‘ಚಾಲನೆಗೊಳಿಸು’ ಎಂಬ ಒಳ್ಳೆಯ ಪದ ಇರುವಾಗ...

ಇದಕ್ಕೆ ಸಿಟ್ಟು ಬರುತ್ತದೆ, ಕ್ಷಮಿಸಿ. ಸೆಲ್ಫ್ ಹೊಡೆಯುವುದು ಬೇರೆ, ಸ್ಟಾರ್ಟ್ ಆಗುವುದು ಬೇರೆ. ಸೆಲ್ಫ್ ಹೊಡೆದರೆ ಮೋಟಾರು ಇಂಜಿನ್ನನ್ನು ತಿರುಗಿಸುತ್ತದೆ, ಅಷ್ಟೇ. ಸ್ಟಾರ್ಟ್ ಆದರೆ ಇಂಜಿನ್ ತಾನೇ ಓಡುತ್ತದೆ. ಈ ರಿಪೇರಿಯಲ್ಲಿ ಒಂದನ್ನು ಮಾಡಲೇಬೇಕು, ಇನ್ನೊಂದನ್ನು ಮಾಡಲೇಬಾರದು. ‘ಚಾಲನೆ’ ಎರಡನ್ನೂ ನುಂಗಿಬಿಡುತ್ತದೆ. ಹೋದ ವರ್ಷ ನನ್ನ ಹತ್ತಿರ ಬಂದ ಒಂದು ಗಾಡಿಯ ಜೊತೆಗಿದ್ದ ಕನ್ನಡ ಹಾಳೆಯಲ್ಲಿ ‘ನೀರು ಪ್ರವೇಶಿಸಿದ್ದಲ್ಲಿ ಇಂಜಿನ್ ಚಾಲನೆಗೊಳಿಸಿ ಹೊರಹಾಕಿರಿ’ ಅಂತ ಇತ್ತು. ಮಾಲೀಕರು ಪ್ಲಗ್ ಬಿಚ್ಚದೆ ಚಾಲನೆಗೊಳಿಸಿದರು. ಬಾಗಿದ ರಾಡ್ ಕೈಯಲ್ಲಿ ಹಿಡಿದು ಆ ವಾಕ್ಯವನ್ನು ಓದಿದವನು ನಾನು.

> ಸೋರುವುದು ಒಳಗಿನಿಂದ ಹೊರಗೆ. ದೋಣಿಗೆ ನೀರು ಹೊರಗಿನಿಂದ ಬರುತ್ತದೆ. ‘ಸೋರು’ ತಪ್ಪು.

ತಪ್ಪಲ್ಲ. ಕೊಡ ಸೋರಿದರೆ ನೀರು ಹೊರಗೆ ಹೋಗುತ್ತದೆ, ಮನೆಯ ಮಾಡು ಸೋರಿದರೆ ನೀರು ಒಳಗೆ ಬರುತ್ತದೆ. ಎರಡಕ್ಕೂ ಸೋರು ಅಂತಲೇ ಹೇಳುತ್ತೇವೆ ಅಲ್ವಾ? ಆ ಪದಕ್ಕೆ ದಿಕ್ಕಿನ ಹಂಗಿಲ್ಲ. ತಡೆಯಬೇಕಾದ ಕಡೆ ತಡೆ ಕೆಟ್ಟಿದೆ ಅಂತ ಮಾತ್ರ ಅದು ಹೇಳುತ್ತದೆ. ಕೈಪಿಡಿಯಲ್ಲಿ ಇನ್ನೂ ನಿಖರವಾಗಿ ಹೇಳಬೇಕಾದರೆ ಕನ್ನಡದಲ್ಲಿ ದಾರಿ ಬೇಕಾದಷ್ಟಿದೆ. ಇಂಜಿನ್‌ನಿಂದ, ಗಾಡಿಯನ್ನು ಮುಂದೆ ತಳ್ಳುವ ಪಂಪಿಗೆ ಹೋಗುವ ಶಾಫ್ಟ್ ಗಾಡಿಯ ಒಡಲನ್ನು ದಾಟುವ ಕಡೆ ಸೀಲ್ ಸವೆದರೆ ನೀರು ಮೊದಲು ಜಿನುಗುತ್ತದೆ. ಒಳಗಿನ ಪೈಪಿನ ಕ್ಲಿಪ್ ಕಳಚಿದರೆ ಸುರಿಯುತ್ತದೆ. ಹಿಂಭಾಗದ ಬಿರಡೆ ಹಾಕುವುದನ್ನು ಮರೆತರೆ ತುಂಬುತ್ತದೆ. ಮೂರು ಕ್ರಿಯಾಪದ, ಮೂರು ಬೇರೆ ಬೇರೆ ರಿಪೇರಿ. ‘ಜಲಪ್ರವೇಶ’ ಅನ್ನುವ ಒಂದೇ ನಾಮಪದದಿಂದ ಈ ಕೆಲಸ ಆಗುವುದಿಲ್ಲ.

ಬಿರಡೆ ಅಂದೆನಲ್ಲ, ಅದು ಡ್ರೈನ್ ಪ್ಲಗ್, ಒಡಲಿನ ನೀರು ಹೊರಗೆ ಬಿಡುವ ತೂತಿನ ಮುಚ್ಚಳ. ತೆಲುಗಿನಲ್ಲೂ ಬಿರಡಾ ಇದೆ. ವೀಣೆಯ ಬಿರಡೆಯೂ ಇದೇ, ತೂತಿನಲ್ಲಿ ತಿರುಗಿಸಿ ಬಿಗಿ ಮಾಡುವಂಥದ್ದು. ಇಲ್ಲಿನ ಬಿರಡೆಯನ್ನೂ ತಿರುಗಿಸಿಯೇ ಬಿಗಿ ಮಾಡುವುದು. ಇದಕ್ಕಿಂತ ಒಳ್ಳೆಯ ಪದ ನನಗೆ ಬೇಡ.

ಅಚ್ಚಗನ್ನಡದವರು ಸ್ಪಾರ್ಕ್ ಪ್ಲಗ್‌ಗೂ ‘ಕಿಡಿಬಿರಡೆ’ ಅಂತ ಕೊಟ್ಟಿದ್ದಾರೆ. ಪದ ಚೆನ್ನಾಗಿದೆ, ಸಂಧಿಯಲ್ಲೂ ತಕರಾರಿಲ್ಲ. ಆದರೂ ಬೇಡ. ಇಂಗ್ಲಿಷಿನಲ್ಲಿ ಎರಡೂ ಪ್ಲಗ್. ‘ಪ್ಲಗ್ ಬಿಚ್ಚಿ’ ಅಂದಾಗ ಯಾವುದು ಅಂತ ಅವರೇ ಕೇಳಬೇಕಾಗುತ್ತದೆ. ನಮಗೆ ಆ ಕಷ್ಟ ಇಲ್ಲ. ಕಿಡಿ ಹಾರಿಸುವುದು ಪ್ಲಗ್, ನೀರು ತಡೆಯುವುದು ಬಿರಡೆ. ಎರವಲು ಬಂದ ಪದ ಇಲ್ಲಿ ಕನ್ನಡವನ್ನು ಇಂಗ್ಲಿಷಿಗಿಂತ ಸ್ಪಷ್ಟ ಮಾಡಿದೆ. ಎರವಲೆಂದರೆ ಸೋಲು ಅನ್ನುವವರು ಇದನ್ನು ದಯವಿಟ್ಟು ಯೋಚಿಸಿ.

ಆಯಿಲ್ ವಿಷಯದಲ್ಲಿ ಮಾತ್ರ ನಾನು ಅವರ ಕಡೆ. ‘ಇಂಜಿನ್ ಎಣ್ಣೆ’ ಸಾಕು. ಎಣ್ಣೆ ಅಂದರೆ ಎಳ್ + ನೆಯ್ (ಜಿಡ್ಡು), ಎಳ್ಳಿನ ನೆಯ್ಯೇ ಆಗಬೇಕು ಅನ್ನುವ ಓಲೆಗೆ ಸೀಮೆಎಣ್ಣೆಯೇ ಉತ್ತರ. ಎಳ್ಳು ಆ ಪದದಿಂದ ಯಾವತ್ತೋ ಹೊರಗೆ ಹೋಗಿದೆ. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದಾಗ ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಕೆಳಗಿನವರೆಗೂ ಇಳಿದಿದೆ ಅಂತ ಅರ್ಥ. ಒಂದು ಸಲ ಬದಲಿಸಿದರೆ ಸಾಲುವುದಿಲ್ಲ. ಬಿಳಿ ಹೋಗುವ ತನಕ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸುತ್ತಲೇ ಇರಬೇಕು.

ಫ್ಲಶ್‌ಗೆ, ಅಂದರೆ ಇಂಜಿನ್ ತಣಿಸುವ ನೀರಿನ ದಾರಿಯನ್ನು ತೊಳೆಯುವುದಕ್ಕೆ, ಬಂದ ‘ಪ್ರಕ್ಷಾಲನೆ’ ಬೇಡ, ‘ಜಾಲಾಡಿಸು’ ಕೂಡ ಬೇಡ. ಜಾಲಾಡಿಸುವುದು ನೀರಿನಲ್ಲಿ ವಸ್ತುವನ್ನು ಆಡಿಸುವುದು. ಇಲ್ಲಿ ವಸ್ತು ಕದಲುವುದಿಲ್ಲ, ಅದರೊಳಗೆ ನೀರು ಹರಿಯುತ್ತದೆ. ಗದ್ದೆಗೆ ಹೇಳುವ ‘ಹಾಯಿಸು’ ಇದೆಯಲ್ಲ. ಸಿಹಿನೀರು ಹಾಯಿಸಿ. ಹೊರಗಿನ ನೀರಿನಿಂದ ತಣಿಯುವ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಕ್ರಮ ಹೀಗೆ: ಇಂಜಿನ್ ಸ್ಟಾರ್ಟ್ ಮಾಡಿದ ಮೇಲೆ ನೀರು ಬಿಡಬೇಕು, ನೀರು ನಿಲ್ಲಿಸಿದ ಮೇಲೆ ಇಂಜಿನ್ ಆಫ್ ಮಾಡಬೇಕು. ತಿರುವುಮುರುವು ಆದರೆ ಹಾಯಿಸಿದ ನೀರೇ ಎಕ್ಸಾಸ್ಟ್‌ನಿಂದ ಸಿಲಿಂಡರ್‌ಗೆ ಹೋಗುತ್ತದೆ. ಅನುವಾದಕರೇ, ಇದನ್ನು ‘ಮಾಡುವ ಮುನ್ನ’ ಅಂತ ಉಲ್ಟಾ ವಾಕ್ಯದಲ್ಲಿ ಬರೆಯಬೇಡಿ. ಕೆಲಸ ನಡೆಯುವ ಕ್ರಮದಲ್ಲೇ ಬರೆಯಿರಿ.

ಕೊನೆಗೆ ಗಾಡಿಯ ಹೆಸರು. ‘ಜೆಟ್ ಸ್ಕೀ’ 1973ರಲ್ಲಿ ಕವಾಸಾಕಿ ತಂದ ಗಾಡಿಯ ಹೆಸರು, ಅವರ ಟ್ರೇಡ್‌ಮಾರ್ಕ್. 1968ರಲ್ಲೇ ಬಂದ ಬೊಂಬಾರ್ಡಿಯೆ ಗಾಡಿಗೆ ‘ಸೀ-ಡೂ’ ಅಂತ ಹೆಸರು. ಮಾತಿನಲ್ಲಿ ಎಲ್ಲವನ್ನೂ ಜೆಟ್ ಸ್ಕೀ ಅಂದರೂ ಬೇರೆ ಕಂಪನಿಯ ಗಾಡಿಯ ಮೇಲೆ ಹಾಗೆ ಅಚ್ಚು ಹಾಕಲು ಬರುವುದಿಲ್ಲ. ‘ವೈಯಕ್ತಿಕ ಜಲನೌಕೆ’ಯಲ್ಲಿ ಜಲ ದಂಡ, ನೌಕೆ ಇರುವುದೇ ನೀರಿನಲ್ಲಿ. ‘ಜಲಬಂಡಿ’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ‘ನೀರುಬಂಡಿ’ ಅಂದರೆ ನೀರು ಹೊತ್ತು ತರುವ ಬಂಡಿ. ‘ವಾಟರ್ ಸ್ಕೂಟರ್’ ಜನರ ಬಾಯಲ್ಲಿ ಇದೆ, ಅದನ್ನೇ ಇಡಿ.

ಸ್ಟಿಕ್ಕರ್‌ಗೆ ನನ್ನ ಕರಡು:

ಇಂಜಿನ್ ನೀರು ಕುಡಿದಿದ್ದರೆ ಸ್ಟಾರ್ಟ್ ಮಾಡಬೇಡಿ.
ಪ್ಲಗ್ ಬಿಚ್ಚಿ. ವೈರ್ ಅರ್ತ್ ಮಾಡಿ.
ದೂರ ನಿಂತು ಸೆಲ್ಫ್ ಹೊಡೆದು ನೀರು ಕಕ್ಕಿಸಿ.
ನೀರಿಗೆ ಇಳಿಸುವ ಮೊದಲು ಬಿರಡೆ ಬಿಗಿ ಮಾಡಿ.

ಕೊನೆಯ ಸಾಲನ್ನು ಹಿಂಭಾಗದಲ್ಲಿ, ಬಿರಡೆಯ ಪಕ್ಕದಲ್ಲೇ ಬೇರೆಯಾಗಿ ಅಂಟಿಸಿದರೆ ಒಳ್ಳೆಯದು. ಗಾಡಿ ಮಗುಚಿದರೆ ಯಾವ ಕಡೆಗೆ ಹೊರಳಿಸಿ ಎತ್ತಬೇಕು ಅನ್ನುವ ಬಾಣದ ಗುರುತೂ ಹಿಂಭಾಗದಲ್ಲೇ ಇರುತ್ತದೆ. ಅದನ್ನು ಮಾತ್ರ ಮುಚ್ಚಬೇಡಿ. ಅಚ್ಚಿನ ಕರಡು ಬಂದ ಕೂಡಲೇ ಗುಂಪಿಗೆ ಹಾಕಿ, ರಾತ್ರಿಯಾದರೂ ನೋಡಿ ಹೇಳುತ್ತೇನೆ.