ಕ್ಯಾಟೆಕಾಲ್ ಹಾಕಿದರೂ ಹಳದಿ ಬರುತ್ತಿಲ್ಲ, ಕಿಣ್ವ ಕೆಟ್ಟಿದೆಯೇ?

ಪ್ರಶ್ನೆ:
ಸ್ಯೂಡೊಮೊನಾಸ್ ಪ್ಯೂಟಿಡಾ ಎಂಬ ಬ್ಯಾಕ್ಟೀರಿಯಾದ ಎಂಟಿ-2 ತಳಿಯನ್ನು ಬೆಂಜೋಯೇಟ್ ಮೇಲೆ ಬೆಳೆಸುತ್ತಿದ್ದೇನೆ. ಮೊದಲ ವಾರ ಕ್ಯಾಟೆಕಾಲ್ ಸಿಂಪಡಿಸಿದ ಕೂಡಲೇ ತಟ್ಟೆಯ ವಸಾಹತುಗಳು ಅರಿಶಿನ ಬಳಿದಂತೆ ಆಗುತ್ತಿದ್ದವು. ದಿನವೂ ಹೊಸ ಮಾಧ್ಯಮಕ್ಕೆ ಬದಲಾಯಿಸುತ್ತ ಮೂರು ವಾರವಾಯಿತು. ಈಗ ಬೆಳವಣಿಗೆ ಮೊದಲಿಗಿಂತ ಚುರುಕು, ಹಳದಿ ಮಾತ್ರ ಮಾಯ. ಕೋಶಗಳನ್ನು ಒಡೆದು ತೆಗೆದ ಸಾರದಲ್ಲೂ ಹಳದಿಯನ್ನು ಅಳೆಯುವ 375 ನ್ಯಾನೊಮೀಟರಿನಲ್ಲಿ ರೀಡಿಂಗ್ ಏರುತ್ತಿಲ್ಲ. ಬಫರಿನ ಪಿಎಚ್ 7.5.

ಉತ್ತರ 1:
ಕ್ಯಾಟೆಕಾಲನ್ನು ಸೀಳಿ ಹಳದಿ ವಸ್ತುವಾಗಿಸುವ ಕ್ಯಾಟೆಕಾಲ್ 2,3-ಡೈಆಕ್ಸಿಜಿನೇಸ್ ಕಿಣ್ವಕ್ಕೆ ಫೆರಸ್ ಕಬ್ಬಿಣವೇ ಜೀವಾಳ. ಗಾಳಿ ತಾಗಿ ಅದು ಫೆರಿಕ್ ಆದರೆ ಕೆಲಸ ನಿಂತಿತು. ಕಿಣ್ವವನ್ನು ಕಾಪಾಡಲು ಬಫರಿಗೆ ಶೇ. 10ರಷ್ಟು ಅಸಿಟೋನ್ ಸೇರಿಸಿ ಕೋಶಗಳನ್ನು ಒಡೆದು ನೋಡಿ.

ಪ್ರಶ್ನಿಸಿದವರು:
ಅಸಿಟೋನ್ ಹಾಕಿಯೂ ನೋಡಿದೆ ಸರ್, ಏನೂ ಬದಲಾಗಲಿಲ್ಲ.

ಉತ್ತರ 2:
ತಟ್ಟೆಯ ಮೇಲಿನ ವಸಾಹತುವೇ ಬಿಳಿಯಾಗಿರುವಾಗ ಸಾರವನ್ನು ದೂರಿ ಫಲವಿಲ್ಲ. ‘ಬೆಳವಣಿಗೆ ಚುರುಕು’ ಎಂದಿರಲ್ಲ, ಕಳ್ಳ ಅಲ್ಲೇ ಅಡಗಿದ್ದಾನೆ.

ಈ ತಳಿಗೆ ಬೆಂಜೋಯೇಟ್ ಉಣ್ಣಲು ಎರಡು ದಾರಿಗಳಿವೆ, ಎರಡರಲ್ಲೂ ಅದು ಮೊದಲು ಕ್ಯಾಟೆಕಾಲ್ ಆಗುತ್ತದೆ. ಹಳದಿ ಕೊಡುವ ಮೆಟಾ ದಾರಿಯ ಜೀನ್‌ಗಳು ವರ್ಣತಂತುವಿನಿಂದ ಬೇರೆಯಾಗಿರುವ ಡಿಎನ್‌ಎ ತುಣುಕಾದ ಟೋಲ್ ಪ್ಲಾಸ್ಮಿಡ್‌ನಲ್ಲಿವೆ. ಆರ್ಥೋ ದಾರಿಯ ಜೀನ್‌ಗಳು ವರ್ಣತಂತುವಿನಲ್ಲಿವೆ. ಅಲ್ಲಿ 1,2-ಡೈಆಕ್ಸಿಜಿನೇಸ್ ಎಂಬ ಬೇರೆ ಕಿಣ್ವ ಕ್ಯಾಟೆಕಾಲಿನ ಉಂಗುರವನ್ನು ಎರಡು ಹೈಡ್ರಾಕ್ಸಿಲ್‌ಗಳ ನಡುವೆ ಸೀಳುತ್ತದೆ, ಬರುವ ಮ್ಯುಕೋನೇಟ್‌ಗೆ ಬಣ್ಣವಿಲ್ಲ. ಬೆಂಜೋಯೇಟ್ ಮೇಲೆ ಆರ್ಥೋ ದಾರಿಯವು ಬೇಗ ಬೆಳೆಯುತ್ತವೆ. ಹೀಗಾಗಿ ಪ್ಲಾಸ್ಮಿಡ್ ಕಳೆದುಕೊಂಡ ಕೋಶಗಳೇ ದಿನದಿನಕ್ಕೆ ಹೆಚ್ಚಾಗಿ, ಉಳಿದವನ್ನು ಮೂಲೆಗೆ ತಳ್ಳಿವೆ. ನಿಮ್ಮ ತಪ್ಪೆಂದು ಕೊರಗಬೇಡಿ: 1974ರಲ್ಲಿ ವಿಲಿಯಮ್ಸ್ ಮತ್ತು ಮರ್ರೆ ಈ ಪ್ಲಾಸ್ಮಿಡ್ ಇದೆಯೆಂದು ತೋರಿಸಿದ್ದು ಇಂಥದೇ ನಷ್ಟವನ್ನು ಗಮನಿಸಿ.

ಖಚಿತಪಡಿಸಿಕೊಳ್ಳಲು ಅದೇ ಸಾರಕ್ಕೆ ಕ್ಯಾಟೆಕಾಲ್ ಹಾಕಿ, ಮ್ಯುಕೋನೇಟ್ ಕಾಣುವ 260 ನ್ಯಾನೊಮೀಟರಿನಲ್ಲಿ ನೋಡಿ. ಕ್ಯುವೆಟ್ ಕ್ವಾರ್ಟ್ಜ್‌ನದೇ ಆಗಿರಲಿ, ಸಾಮಾನ್ಯ ಪ್ಲಾಸ್ಟಿಕ್ ಆ ಬೆಳಕನ್ನು ತಾನೇ ನುಂಗುತ್ತದೆ. ಲೋಹಗಳನ್ನು ಹಿಡಿದಿಡುವ ಇಡಿಟಿಎ ಚೂರು ಹಾಕಿ. ಇಲ್ಲವಾದರೆ ಮ್ಯಾಂಗನೀಸ್ ಬೇಡುವ ಮುಂದಿನ ಕಿಣ್ವ ಮ್ಯುಕೋನೇಟನ್ನು ಖಾಲಿ ಮಾಡಿಬಿಡುತ್ತದೆ. ಜೊತೆಗೆ ಮೆಟಾ-ಟೊಲುಯೇಟ್ (ಬೆಂಜೋಯೇಟಿನ ಮಿಥೈಲ್ ರೂಪ) ತಟ್ಟೆಯ ಮೇಲೂ ಗೀಚಿ. ಅದನ್ನು ಉಂಡು ಬೆಳೆಯಲು ಈ ತಳಿಗೆ ಟೋಲ್ ಬೇಕೇ ಬೇಕು.

ಪ್ರಶ್ನಿಸಿದವರು:
260ರಲ್ಲಿ ರೀಡಿಂಗ್ ಸರಸರನೆ ಏರಿತು. ಟೊಲುಯೇಟ್ ತಟ್ಟೆ ಮೂರು ದಿನವಾದರೂ ಬರಿದೇ ಇದೆ. ಫ್ರೀಜರಿನಲ್ಲಿದ್ದ ಹಳೆಯ ಗ್ಲಿಸರಾಲ್ ಸ್ಟಾಕ್‌ನಿಂದ ಹೊಸದಾಗಿ ಟೊಲುಯೇಟ್ ಮೇಲೆ ಬೆಳೆಸಿದೆ, ಸಿಂಪಡಿಸಿದ ತಕ್ಷಣ ಹಳದಿ ಬಂತು! ಆದರೆ ಮರುದಿನ ತಟ್ಟೆಯೆಲ್ಲ ಕಂದು.

ಉತ್ತರ 2:
ಉಳಿದ ಕ್ಯಾಟೆಕಾಲ್ ಗಾಳಿಗೆ ಉತ್ಕರ್ಷಣೆಗೊಂಡದ್ದು ಅದು, ಕಿಣ್ವಕ್ಕೆ ಸಂಬಂಧವಿಲ್ಲ. ಕ್ಯಾಟೆಕಾಲ್ ಕೋಶಗಳಿಗೂ ವಿಷ. ಬೇಕಾದ ವಸಾಹತುಗಳನ್ನು ಸಿಂಪಡಿಸುವ ಮೊದಲೇ ಬೇರೆ ತಟ್ಟೆಗೆ ಎತ್ತಿಟ್ಟುಕೊಳ್ಳಿ.